‘ಲೇಡಿಹಾಕ್’ ಮೇಲಿನ ಪ್ರೀತಿ ಬರೀ ಹಳೆಯ ನೆನಪಾ?

ಪ್ರಶ್ನೆ: ನಾನು ಶಿವಮೊಗ್ಗದವನು, ವಯಸ್ಸು 55. ಪಿಯುಸಿ ಓದುವಾಗ ಗೆಳೆಯನ ಮನೆಗೆ ಬಾಡಿಗೆ ವಿಸಿಆರ್ ತಂದು ‘ಲೇಡಿಹಾಕ್’ ಅನ್ನುವ ಇಂಗ್ಲಿಷ್ ಸಿನಿಮಾ ನೋಡಿದ್ದೆ. ಹಗಲು ಅವಳು ಗಿಡುಗ, ರಾತ್ರಿ ಅವನು ತೋಳ. ಇಬ್ಬರೂ ಮನುಷ್ಯರಾಗಿ ಒಟ್ಟಿಗೆ ಸಿಗುವುದೇ ಇಲ್ಲ. ಒಂದು ಮುಂಜಾನೆ ಒಂದು ಕ್ಷಣ ಮಾತ್ರ ಒಬ್ಬರನ್ನೊಬ್ಬರು ನೋಡುತ್ತಾರೆ, ಬೆರಳಿಗೆ ಬೆರಳು ತಾಗುತ್ತದೆ. ಆ ದೃಶ್ಯಕ್ಕೋಸ್ಕರ ಎಷ್ಟೋ ಸಲ ಅದೇ ಕ್ಯಾಸೆಟ್ ತಂದಿದ್ದೇನೆ. ಮೊನ್ನೆ ಮಗಳಿಗೆ (13 ವರ್ಷ) ತೋರಿಸಿದೆ. ಇಪ್ಪತ್ತು ನಿಮಿಷ ಆಗಿರಲಿಲ್ಲ, ‘ಅಪ್ಪಾ, ಕತ್ತಿ ಹಿಡ್ಕೊಂಡು ಕುದುರೆ ಮೇಲೆ ಹೋಗ್ತಿದ್ದಾರೆ, ಹಿಂದೆ ಡಿಸ್ಕೊ ಯಾಕೆ?’ ಅಂತ ನಕ್ಕಳು. ಆಮೇಲೆ ನನಗೂ ಆ ಸಂಗೀತ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಆಫೀಸಿನ ಗೆಳೆಯರೊಬ್ಬರು ‘ಅದು ಫ್ಲಾಪ್ ಸಿನಿಮಾ ಕಣಯ್ಯಾ, ನಿನ್ನದು ಬರೀ ಹಳೇ ನೆನಪು’ ಎಂದು ಮುಗಿಸಿಬಿಟ್ಟರು. ನಾನು ಇಷ್ಟು ವರ್ಷ ಇಷ್ಟಪಟ್ಟದ್ದು ಸಿನಿಮಾವನ್ನೋ, ನನ್ನ ಹದಿನೇಳನೇ ವಯಸ್ಸನ್ನೋ? ಇದು ಯುರೋಪಿನ ನಿಜವಾದ ದಂತಕತೆ ಅಂತಾರೆ, ಹೌದಾ? ನಮ್ಮ ಚಿತ್ರಸಮಾಜದಲ್ಲಿ ತೋರಿಸುವ ಆಸೆ ಇದೆ. ಸಂಗೀತ ತೆಗೆದು, ಸ್ವಲ್ಪ ಕತ್ತರಿಸಿ ತೋರಿಸಬಹುದಾ? ಸದಸ್ಯರೊಬ್ಬರ ಒಂಬತ್ತು ವರ್ಷದ ಮಗನೂ ಬರುತ್ತಾನೆ.

ಉತ್ತರ: ಮಗಳು ನಕ್ಕಿದ್ದು ನಿಮಗೆ ಅಷ್ಟು ನೋವು ಮಾಡಿದಂತಿಲ್ಲ. ಅವಳು ನಕ್ಕಿದ್ದು ಸರಿ ಅನ್ನಿಸಿತಲ್ಲ, ಅದು ನೋವು ಮಾಡಿದೆ. ನಾನು ಬಹಳ ಕಾಲ ಎಡಿಟಿಂಗ್ ಕೆಲಸ ಮಾಡಿ, ಈಗ ಸಿನಿಮಾ ರಸಗ್ರಹಣ ಶಿಬಿರಗಳಲ್ಲಿ ಪಾಠ ಮಾಡುತ್ತೇನೆ. ಪ್ರತಿ ಶಿಬಿರದಲ್ಲೂ ಊಟದ ಹೊತ್ತಿಗೆ ಯಾರಾದರೂ ಬಂದು ಸ್ವಲ್ಪ ನಾಚಿಕೊಂಡು ಇದೇ ಪ್ರಶ್ನೆ ಕೇಳುತ್ತಾರೆ. ಸಿನಿಮಾದ ಹೆಸರು ಮಾತ್ರ ಬೇರೆ ಇರುತ್ತದೆ.

ಮೊದಲು ಫ್ಲಾಪ್ ವಿಷಯ ಮುಗಿಸೋಣ. ‘ಲೇಡಿಹಾಕ್’ ಅಮೆರಿಕದಲ್ಲಿ ತೆರೆ ಕಂಡದ್ದು 1985ರ ಏಪ್ರಿಲ್‌ನಲ್ಲಿ. ಖರ್ಚು ಸುಮಾರು 2 ಕೋಟಿ ಡಾಲರ್. ಅಲ್ಲಿನ ಥಿಯೇಟರ್‌ಗಳಲ್ಲಿ ಬಂದದ್ದು ಸುಮಾರು 1 ಕೋಟಿ 84 ಲಕ್ಷ. ಹಾಕಿದ ದುಡ್ಡೂ ಹುಟ್ಟಲಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಗೆಳೆಯರ ಮಾತು ನಿಜ. ನಿರ್ದೇಶಕ ರಿಚರ್ಡ್ ಡಾನರ್ 1978ರಲ್ಲಿ ‘ಸೂಪರ್‌ಮ್ಯಾನ್’ ಮಾಡಿದವರು, 1987ರಲ್ಲಿ ‘ಲೀಥಲ್ ವೆಪನ್’ ಮಾಡಿದವರು. ಎರಡು ದೊಡ್ಡ ಗೆಲುವಿನ ನಡುವೆ ಇದು ಯಾರ ಲೆಕ್ಕಕ್ಕೂ ಸಿಗದೆ ಉಳಿಯಿತು. ಆದರೆ ಟಿಕೆಟ್ ಹಣ ಹೇಳುವುದು ಬಿಡುಗಡೆಯಾದ ಕೆಲವು ವಾರಗಳ ಕತೆಯನ್ನು ಮಾತ್ರ. ಫ್ಯಾಂಟಸಿ ಸಿನಿಮಾಗಳಿಗೆ ಕೊಡುವ ಸ್ಯಾಟರ್ನ್ ಪ್ರಶಸ್ತಿ ಆ ವರ್ಷ ಇದಕ್ಕೇ ಹೋಯಿತು. ಆಸ್ಕರ್‌ಗೆ ಎರಡು ನಾಮನಿರ್ದೇಶನವೂ ಸಿಕ್ಕಿತು, ಅದೂ ಯಾವುದಕ್ಕೆ ಗೊತ್ತಾ? ಧ್ವನಿಗೆ ಮತ್ತು ಧ್ವನಿ ಪರಿಣಾಮಗಳ ಸಂಕಲನಕ್ಕೆ. ಹಿನ್ನೆಲೆ ಸಂಗೀತಕ್ಕಾಗಿ ನಾಲ್ಕು ದಶಕದಿಂದ ಬೈಸಿಕೊಳ್ಳುತ್ತಿರುವ ಸಿನಿಮಾಕ್ಕೆ ಗೌರವ ಸಿಕ್ಕಿದ್ದು ಕಿವಿಯ ಕೆಲಸಕ್ಕೆ. ಸಂಗೀತ ನಿಂತಾಗ ಆ ರೆಕ್ಕೆಯ ಸದ್ದು, ಗೊರಸಿನ ಸದ್ದು ಕೇಳಿಸಿಕೊಳ್ಳಿ, ಯಾಕೆ ಅಂತ ಗೊತ್ತಾಗುತ್ತದೆ.

ದಂತಕತೆ ಅನ್ನುವುದು ಸುಳ್ಳು. ಸಿನಿಮಾ ಮಾರಲು ಪ್ರಚಾರದವರು ಹಾಗೆ ಹೇಳಿದರು. ಕತೆ ಎಡ್ವರ್ಡ್ ಖ್ಮಾರಾ ಎಂಬ ಬರಹಗಾರರ ಸ್ವಂತದ್ದು. ಅವರೇ ಆ ಪ್ರಚಾರಕ್ಕೆ ತಕರಾರು ತೆಗೆದಿದ್ದರು. ಸಿನಿಮಾದ ಅಕ್ವಿಲಾ ಪಟ್ಟಣವೂ ಕಲ್ಪನೆಯದೇ. ಚಿತ್ರೀಕರಣ ಮಾತ್ರ ನಿಜವಾದ ಇಟಲಿಯಲ್ಲಿ ನಡೆಯಿತು. ಮುದುಕ ಸನ್ಯಾಸಿ ಇಂಪೀರಿಯಸ್‌ನ ಪಾಳುಕೋಟೆ ಇದೆಯಲ್ಲ, ಅದು ಅಬ್ರುತ್ಸೊ ಪ್ರಾಂತ್ಯದ ರೋಕಾ ಕಲಾಶೊ. ಸಮುದ್ರಮಟ್ಟದಿಂದ ಸುಮಾರು 1,460 ಮೀಟರ್ ಎತ್ತರದಲ್ಲಿರುವ, ಭೂಕಂಪಕ್ಕೆ ಸಿಕ್ಕಿ ಹಾಳಾಗಿದ್ದ ನಿಜವಾದ ಕೋಟೆ. ಸೆಟ್ ಅಲ್ಲ.

ಹಾಗಂತ ನಿಮಗೆ ‘ಇದನ್ನು ಎಲ್ಲೋ ಕೇಳಿದ್ದೇನೆ’ ಅನ್ನಿಸಿದ್ದರೆ ಅದು ಭ್ರಮೆಯೂ ಅಲ್ಲ. ನಮ್ಮ ಹಳೆಗನ್ನಡ ಕಾವ್ಯದ ತುಂಬ ಜಕ್ಕವಕ್ಕಿಗಳು ಇದ್ದಾವೆ. ಹಗಲೆಲ್ಲ ಜೋಡಿ, ಸಂಜೆಯಾದರೆ ಅಗಲಿಕೆ. ಒಂದು ಈ ದಡದಲ್ಲಿ, ಇನ್ನೊಂದು ಆ ದಡದಲ್ಲಿ ಕೂಗುತ್ತಾ ರಾತ್ರಿ ಕಳೆಯುತ್ತವೆ. ಹಗಲಿಗೊಂದು ರೂಪ, ಇರುಳಿಗೊಂದು ರೂಪ ಇರುವ ಗಂಡ ಹೆಂಡತಿಯರು ನಮ್ಮ ಅಜ್ಜಿಕತೆಗಳಲ್ಲೂ ಸಿಗುತ್ತಾರೆ. ಖ್ಮಾರಾ ಅವರಿಗೆ ಇದು ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ. ನಿಮಗೆ ಗೊತ್ತಿತ್ತು, ಅಷ್ಟೆ. ಕತೆಯ ನಿಯಮವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಇದಕ್ಕೇ ಸೇರಿದ ಇನ್ನೊಂದು ವಿಷಯ. ಶಾಪ ಬಿಡುವುದು ‘ರಾತ್ರಿಯಿಲ್ಲದ ಹಗಲು, ಹಗಲಿಲ್ಲದ ರಾತ್ರಿ’ ಬಂದಾಗ, ಅಂದರೆ ಸೂರ್ಯಗ್ರಹಣದ ಹೊತ್ತಿನಲ್ಲಿ. ನಿಮ್ಮ ವಯಸ್ಸು ನೋಡಿದರೆ 1980ರ ಫೆಬ್ರುವರಿ 16 ನೆನಪಿರಬೇಕು. ಆ ದಿನದ ಪೂರ್ಣ ಸೂರ್ಯಗ್ರಹಣ ನಮ್ಮ ಕರಾವಳಿಯಿಂದ ಒಳಗೆ ಬಂದು ಹುಬ್ಬಳ್ಳಿ, ರಾಯಚೂರು ದಾಟಿಕೊಂಡು ಹೋಯಿತು. ಎಷ್ಟೋ ಮನೆಗಳಲ್ಲಿ ಕಿಟಕಿ ಬಾಗಿಲು ಮುಚ್ಚಿ, ಪಾತ್ರೆಗಳ ಮೇಲೆ ದರ್ಭೆ ಇಟ್ಟು ಮಕ್ಕಳನ್ನು ಒಳಗೆ ಕೂರಿಸಿದ್ದರು. ಗ್ರಹಣ ಅಂದರೆ ಹೆದರಿಕೆ ಅಂತ ಬೆಳೆದ ಹುಡುಗನಿಗೆ, ಅದೇ ಗ್ರಹಣ ಇಬ್ಬರನ್ನು ಬಿಡಿಸುವ ಕ್ಲೈಮ್ಯಾಕ್ಸ್ ಸುಮ್ನೆ ನೋಡಿ ಮರೆಯುವಂಥದ್ದಾಗಿರಲಾರದು. ನಿಮ್ಮ ಮಗಳಿಗೆ ಗ್ರಹಣ ಅಂದರೆ ಕನ್ನಡಕ ಹಾಕಿಕೊಂಡು ಶಾಲೆಯ ಮೈದಾನದಲ್ಲಿ ನೋಡುವ ವಿಜ್ಞಾನದ ಪಾಠ. ಅವಳಿಗೆ ಆ ಏಟು ಅಷ್ಟು ಜೋರಾಗಿ ಬೀಳದಿದ್ದರೆ ಅದು ಸಿನಿಮಾದ ತಪ್ಪೂ ಅಲ್ಲ, ಅವಳ ತಪ್ಪೂ ಅಲ್ಲ.

ಈಗ ಕ್ಯಾಸೆಟ್ ವಿಷಯಕ್ಕೆ ಬರುತ್ತೇನೆ. ಇದನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೀವು ಆಗ ನೋಡಿದ್ದು ಮತ್ತು ಮೊನ್ನೆ ನೋಡಿದ್ದು ಒಂದೇ ಸಿನಿಮಾ ಅಲ್ಲ.

‘ಲೇಡಿಹಾಕ್’ ಅಗಲ ಪರದೆಗೆ ತೆಗೆದ ಚಿತ್ರ. ಚೌಕಟ್ಟಿನ ಅಗಲ ಎತ್ತರದ ಸುಮಾರು 2.35ರಷ್ಟು. ಆಗಿನ ಟಿ.ವಿ. ಪರದೆಯ ಅಗಲ ಎತ್ತರದ 1.33ರಷ್ಟು ಮಾತ್ರ. ವಿಎಚ್ಎಸ್ ಕ್ಯಾಸೆಟ್‌ಗಳ ಕಾಲದಲ್ಲಿ ಇಂಥ ಚಿತ್ರಗಳ ಎರಡೂ ಪಕ್ಕ ಕತ್ತರಿಸಿ, ಮುಖ್ಯ ಅನ್ನಿಸಿದ ಭಾಗವನ್ನು ಮಾತ್ರ ಉಳಿಸಿ ಟಿ.ವಿ. ತುಂಬಿಸುವುದು ರೂಢಿ. ಹಾಗೆ ಮಾಡಿದರೆ ಚಿತ್ರದ ಶೇ 43ರಷ್ಟು ಹೋಗುತ್ತದೆ. ಯಾವ ಸಿನಿಮಾಕ್ಕಾದರೂ ಇದು ನಷ್ಟವೇ. ಇದಕ್ಕೆ ಇನ್ನೂ ಜಾಸ್ತಿ, ಯಾಕೆಂದರೆ ಇಡೀ ಕತೆ ನಿಂತಿರುವುದೇ ದೂರದ ಮೇಲೆ. ಛಾಯಾಗ್ರಾಹಕ ವಿಟ್ಟೋರಿಯೊ ಸ್ಟೊರಾರೊ ಅಷ್ಟು ಹೊತ್ತಿಗಾಗಲೇ ಎರಡು ಆಸ್ಕರ್ ಗೆದ್ದವರು. ಬಯಲಿನ ಒಂದು ತುದಿಯಲ್ಲಿ ಕಪ್ಪು ಕುದುರೆ, ಅದರ ಸುತ್ತ ಮೈಲುಗಟ್ಟಲೆ ಖಾಲಿ ಹುಲ್ಲುಗಾವಲು, ಮೇಲೆ ಆಕಾಶದಲ್ಲಿ ಒಂದು ಚುಕ್ಕೆ. ಆ ಚುಕ್ಕೆ ಅವಳು. ಕ್ಯಾಸೆಟ್‌ನಲ್ಲಿ ನಿಮಗೆ ಕುದುರೆ ಸಿಕ್ಕಿರುತ್ತದೆ, ಬಯಲು ಸಿಕ್ಕಿರುವುದಿಲ್ಲ. ಮುಂಜಾನೆಯ ನೀಲಿ ನಿಧಾನಕ್ಕೆ ಹೊನ್ನಾಗುವುದು ಈ ಸಿನಿಮಾದ ಗಡಿಯಾರ. ವಿಎಚ್ಎಸ್‌ನಲ್ಲಿ ಬಣ್ಣಗಳು ಒಂದರೊಳಗೊಂದು ಸೋರಿ ಆ ಗಡಿಯಾರವೇ ಮಸುಕಾಗುತ್ತಿತ್ತು.

ಇನ್ನೊಂದು ತಮಾಷೆ ಇದೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ. ನಮ್ಮ ದೇಶದ ಆಗಿನ ಟಿ.ವಿ. ಪದ್ಧತಿ ಪಾಲ್, ಅದರದ್ದು ಸೆಕೆಂಡಿಗೆ 25. ಪಾಲ್ ಕ್ಯಾಸೆಟ್ ಮಾಡುವಾಗ ಸಿನಿಮಾವನ್ನೇ ಸ್ವಲ್ಪ ಜೋರಾಗಿ ಓಡಿಸಿಬಿಡುತ್ತಿದ್ದರು. 121 ನಿಮಿಷದ ಸಿನಿಮಾ 116ಕ್ಕೆ ಮುಗಿಯುತ್ತದೆ, ಶ್ರುತಿಯೂ ಸ್ವಲ್ಪ ಏರುತ್ತದೆ. ನಿಮ್ಮದು ಪಾಲ್ ಕ್ಯಾಸೆಟ್ ಆಗಿದ್ದರೆ ಆ ಡಿಸ್ಕೊ ಆಗ ಈಗಿಗಿಂತ ಚುರುಕಾಗೇ ಕೇಳಿಸಿರುತ್ತದೆ. ಆದರೂ ನಿಮಗೆ ತೊಂದರೆ ಆಗಲಿಲ್ಲ. ಆಗ ಎಲ್ಲ ಕಡೆಯೂ ಅದೇ ಸದ್ದು ಇತ್ತಲ್ಲ. ಮದುವೆ ಮನೆ ಆರ್ಕೆಸ್ಟ್ರಾದಲ್ಲೂ ಕೀಬೋರ್ಡು, ರಿದಮ್ ಪ್ಯಾಡು ಬಂದುಬಿಟ್ಟಿತ್ತು. ಟಿ.ವಿ.ಯ ಒಂಟಿ ಸ್ಪೀಕರ್‌ನಲ್ಲಿ ತಳದ ಬೀಟ್ ಅರ್ಧಕ್ಕರ್ಧ ಸತ್ತಿರುತ್ತಿತ್ತು. ಈಗಿನ ಸೌಂಡ್‌ಬಾರ್ ಅದನ್ನು ಪೂರ್ತಿ ಎಬ್ಬಿಸಿ ಕೂರಿಸಿದೆ.

ಸಂಗೀತ ಹಾಗೇಕಿದೆ ಅನ್ನುವುದಕ್ಕೆ ‘ಸ್ಟುಡಿಯೊದವರು ಕೊನೆಗೆ ಬಲವಂತವಾಗಿ ತುರುಕಿದರು’ ಅನ್ನುವ ಮಾತು ಓಡಾಡುತ್ತದೆ. ಅದು ನಿಜವಲ್ಲ. ಡಾನರ್ ಚಿತ್ರೀಕರಣಕ್ಕೆ ಜಾಗ ಹುಡುಕಿಕೊಂಡು ಓಡಾಡುವಾಗ ಅಲನ್ ಪಾರ್ಸನ್ಸ್ ಪ್ರಾಜೆಕ್ಟ್ ಎಂಬ ರಾಕ್ ತಂಡದ ಹಾಡು ಕೇಳುತ್ತಿದ್ದರು. ಆ ಬೆಟ್ಟಗಳನ್ನೂ ಆ ಸದ್ದನ್ನೂ ಬೇರೆ ಮಾಡಿ ನೋಡಲು ಅವರಿಂದ ಆಗಲಿಲ್ಲ. ಆ ತಂಡಕ್ಕೆ ವಾದ್ಯಸಂಯೋಜನೆ ಮಾಡುತ್ತಿದ್ದ ಆ್ಯಂಡ್ರೂ ಪೊವೆಲ್ ಕೈಲೇ ಸಂಗೀತ ಮಾಡಿಸಿದರು, ನಿರ್ಮಾಣ ಪಾರ್ಸನ್ಸ್ ಅವರದ್ದು. ನುಡಿಸಿದ್ದು ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ, ಜೊತೆಗೆ ಡ್ರಮ್ಮು, ಗಿಟಾರು, ಸಿಂಥಸೈಜರ್. ಕಾಲವೂ ಹಾಗೇ ಇತ್ತು. ಹಾಡುಗಳ ಟಿ.ವಿ. ವಾಹಿನಿ ಎಂಟಿವಿ ಶುರುವಾದದ್ದು 1981ರಲ್ಲಿ. 1980ರ ‘ಫ್ಲ್ಯಾಶ್ ಗಾರ್ಡನ್’ಗೆ ಕ್ವೀನ್, 1984ರ ‘ಡ್ಯೂನ್’ಗೆ ಟೋಟೊ ಸಂಗೀತ ಕೊಟ್ಟಿದ್ದರು. ರಾಜ, ಕತ್ತಿ, ಗ್ರಹ ಏನೇ ಇರಲಿ, ರಾಕ್ ತಂಡ ಕರೆಸುವುದು ಆಗಿನ ಚಾಳಿ.

ನನ್ನ ಅಭಿಪ್ರಾಯ ಕೇಳಿದರೆ, ಓಟ ಮತ್ತು ಹೊಡೆದಾಟದ ದೃಶ್ಯಗಳಲ್ಲಿ ಈ ಸಂಗೀತ ಕೆಟ್ಟದಾಗಿದೆ. ಹಳೆಯದಾಗಿದೆ ಅಂತಲ್ಲ, ಆಗಲೂ ಕೆಟ್ಟದಾಗೇ ಇತ್ತು. ಎಡಿಟಿಂಗ್ ದೃಷ್ಟಿಯಿಂದ ಕಾರಣ ಸರಳ. ಕುದುರೆಯ ಓಟಕ್ಕೆ ತನ್ನದೇ ಒಂದು ಲಯ ಇರುತ್ತದೆ, ಗೊರಸು ಬೀಳುವ ಲಯ. ಡ್ರಮ್ಮಿನ ಬೀಟ್ ಅದರ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ಓಡುತ್ತದೆ. ಕಣ್ಣು ಒಂದು ತಾಳ ಹಾಕಿದರೆ ಕಿವಿ ಇನ್ನೊಂದು. ನಿಮ್ಮ ಮಗಳಿಗೆ ನಗು ಬಂದದ್ದು ಅಲ್ಲಿ. ಆದರೆ ನಾಯಕಿ ಇಸಬೊ ರಾತ್ರಿ ಒಬ್ಬಳೇ ಇರುವಾಗ ಬರುವ ನಿಧಾನದ ಧಾಟಿ ಬರೆದದ್ದೂ ಇದೇ ಪೊವೆಲ್. ಅದು ಚೆನ್ನಾಗಿದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ ಅನ್ನುವುದು ನನಗೆ ಮೊದಲಿನಿಂದಲೂ ಬೇಜಾರು.

ಉಳಿದ ದೋಷಗಳನ್ನು ಸುಮ್ನೆ ಒಪ್ಪಿಕೊಳ್ಳೋಣ. ಇಬ್ಬರಿಗೂ ಶಾಪ ಹಾಕಿದ ಬಿಷಪ್ ಪಾತ್ರಕ್ಕೆ ಜಾನ್ ವುಡ್ ಅಂಥ ನಟ ಸಿಕ್ಕಿದ್ದಾರೆ, ಆದರೆ ಹೊಟ್ಟೆಕಿಚ್ಚು ಬಿಟ್ಟು ಆ ಪಾತ್ರಕ್ಕೆ ಬೇರೇನೂ ಕೊಟ್ಟಿಲ್ಲ. ಮಧ್ಯದಲ್ಲಿ ಕತೆ ಕಾಲೆಳೆಯುತ್ತದೆ. ಇಸಬೊಳ ಕತ್ತರಿಸಿದ ಕೂದಲು ಮಧ್ಯಯುಗದ್ದಲ್ಲ, 1985ರದ್ದು. ಪಕ್ಷಿ ನೋಡುವ ಹವ್ಯಾಸ ಇರುವವರು ನಿಮ್ಮ ಚಿತ್ರಸಮಾಜದಲ್ಲಿದ್ದರೆ ಖಂಡಿತ ಹಿಡಿಯುತ್ತಾರೆ: ಆ ಗಿಡುಗ ಉತ್ತರ ಅಮೆರಿಕದ ಕೆಂಪುಬಾಲದ ಜಾತಿಯದು, ಮಧ್ಯಯುಗದ ಯುರೋಪಿನಲ್ಲಿ ಅದಕ್ಕೇನು ಕೆಲಸ? ಕುದುರೆ ಪರವಾಗಿಲ್ಲ. ಅದು ಫ್ರೀಸಿಯನ್ ತಳಿ, ನೆದರ್ಲೆಂಡ್ಸ್‌ನದು. ಅದರ ಮೇಲೆ ಕೂತ ನಾಯಕ ನಟ ರಟ್ಗರ್ ಹೌವರ್ ಕೂಡ ಅದೇ ದೇಶದವರು.

ಒಂದು ದೋಷದ ಬಗ್ಗೆ ಮಾತ್ರ ನನಗೆ ತಕರಾರಿದೆ. ಕಳ್ಳ ಹುಡುಗ ಫಿಲಿಪ್, ಎಲ್ಲರೂ ಇಲಿ ಅಂತ ಕರೆಯುವವನು. ಆ ಪಾತ್ರ ಮಾಡಿದ ಮ್ಯಾಥ್ಯೂ ಬ್ರಾಡರಿಕ್ ಅವರ ಮಾತಿನ ಧಾಟಿ ಒಂದು ದೃಶ್ಯದಲ್ಲಿ ಇಂಗ್ಲೆಂಡ್, ಇನ್ನೊಂದರಲ್ಲಿ ಅಮೆರಿಕ. ಬಾಯಿ ಮುಚ್ಚುವುದಿಲ್ಲ. ಯಾರೂ ಸಿಗದಿದ್ದರೆ ದೇವರ ಜೊತೆಗೇ ವಟವಟ. ‘ಇವನೊಬ್ಬ ಇಲ್ಲದಿದ್ದರೆ ಸಿನಿಮಾ ಎಷ್ಟು ಚೆನ್ನಾಗಿರುತ್ತಿತ್ತು’ ಅಂತ ಬಹಳ ಜನ ಹೇಳುತ್ತಾರೆ. ಸ್ವಲ್ಪ ಯೋಚಿಸಿ. ನಾಯಕ ನಾಯಕಿ ಒಂದೇ ದೃಶ್ಯದಲ್ಲಿ ಮಾತಾಡುವಂತಿಲ್ಲ. ಒಬ್ಬರಿಗೆ ಮಾತು ಬರುವ ಹೊತ್ತಿಗೆ ಇನ್ನೊಬ್ಬರಿಗೆ ಮಾತು ಹೋಗಿರುತ್ತದೆ. ಇಂಥ ಪ್ರೇಮಕತೆಯನ್ನು ಎರಡು ಗಂಟೆ ಹೇಗೆ ನಡೆಸುತ್ತೀರಿ? ದೂತ ಬೇಕೇ ಬೇಕು. ನಮ್ಮವರು ಹಂಸವನ್ನು ಕಳಿಸಿದರು, ಮೋಡವನ್ನು ಕಳಿಸಿದರು. ಇವರು ಒಬ್ಬ ಸುಳ್ಳುಗಾರನನ್ನು ಕಳಿಸಿದ್ದಾರೆ.

ಅವನು ನಿಜವಾಗಿ ಸುಳ್ಳುಗಾರ, ಗಮನಿಸಿ. ಬೆಳಗ್ಗೆ ಅವನಿಗೆ ಹೇಳುವುದೊಂದು, ರಾತ್ರಿ ಇವಳಿಗೆ ಹೇಳುವುದೊಂದು. ಆಡಿದ ಮಾತಿಗೆ ಸ್ವಲ್ಪ ಬೆಲ್ಲ ಸೇರಿಸಿಯೇ ಕೊಡುತ್ತಾನೆ. ಇದು ಪೂರ್ತಿ ನಿಜವಲ್ಲ ಅನ್ನುವುದು ಕೇಳುವವರಿಗೂ ಗೊತ್ತು, ಆದರೂ ಕೇಳುತ್ತಾರೆ. ಹೌವರ್ ಮುಖ ನೋಡಿ ಆಗ. ಹೆಚ್ಚೇನೂ ಮಾಡುವುದಿಲ್ಲ. ನಂಬುವುದೋ ಬೇಡವೋ ಅಂತ ಒಂದು ಕ್ಷಣ ತಡೆದು, ನಂಬುತ್ತಾರೆ. ಅಂದ ಹಾಗೆ, ಅವರಿಗೆ ಮೊದಲು ಬಂದಿದ್ದು ಖಳನ ಪಾತ್ರ. ನಾಯಕ ಆಗಬೇಕಿದ್ದ ಕರ್ಟ್ ರಸೆಲ್ ಹೊರಟುಹೋದ ಮೇಲೆ ಈ ಪಾತ್ರ ಇವರಿಗೆ ಸಿಕ್ಕಿತು. ಖಳನ ಬಿರುಸು ಆ ಮುಖದಲ್ಲಿ ಇನ್ನೂ ಉಳಿದಿದೆ, ಅದಕ್ಕೇ ಆ ಮೆತ್ತಗಾಗುವ ಕ್ಷಣ ಎದ್ದು ಕಾಣುತ್ತದೆ. ಇಲಿಯ ವಟವಟ ಕಿರಿಕಿರಿ ಹೌದು. ಅದನ್ನು ಕತ್ತರಿಸಿದರೆ ಈ ಕ್ಷಣವೂ ಜೊತೆಗೇ ಹೋಗುತ್ತದೆ.

ಇಲ್ಲೇ ನಿಮ್ಮ ದೊಡ್ಡ ಪ್ರಶ್ನೆಗೂ ಉತ್ತರ ಇದೆ ಅಂತ ನನಗೆ ಅನ್ನಿಸುತ್ತದೆ. ಈ ಸಿನಿಮಾ ಎಲ್ಲದರಲ್ಲೂ ಸಡಿಲ, ಒಂದರಲ್ಲಿ ಮಾತ್ರ ಭಾರೀ ಬಿಗಿ. ಶಾಪದ ನಿಯಮದ ವಿಷಯದಲ್ಲಿ ಒಂದು ಚೂರೂ ರಿಯಾಯಿತಿ ಇಲ್ಲ. ಸೂರ್ಯ ಹುಟ್ಟಿದರೆ ಅವಳು ಹಕ್ಕಿ, ಮುಳುಗಿದರೆ ಅವನು ತೋಳ. ಎಂಥ ಅವಸರದ ಹೊತ್ತಿನಲ್ಲೂ ಹಾಗೇ. ಗೋಪುರದ ದೃಶ್ಯ ನೆನಪಿಸಿಕೊಳ್ಳಿ. ಗಾಯಗೊಂಡ ಇಸಬೊ ಕೋಟೆಯ ತುದಿಯಿಂದ ಜಾರುತ್ತಾಳೆ, ಫಿಲಿಪ್ ಕೈ ಹಿಡಿದಿರುತ್ತಾನೆ. ಕೈ ತಪ್ಪುತ್ತದೆ. ಬೀಳುತ್ತಾಳೆ. ಬೆಟ್ಟದ ಹಿಂದಿನಿಂದ ಬಿಸಿಲು. ರೆಕ್ಕೆ. ಇದನ್ನು ಮಾಡಿದ್ದು ಯಾವ ಕಂಪ್ಯೂಟರ್ರೂ ಅಲ್ಲ, ರಬ್ಬರ್ ಮುಖವಾಡವೂ ಅಲ್ಲ. ಬೆಳಕು, ಎರಡು ಮೂರು ಶಾಟು, ಸರಿಯಾದ ಜಾಗದಲ್ಲಿ ಕತ್ತರಿ. ಅದೇ ಕಾಲದ ಎಷ್ಟೋ ಫ್ಯಾಂಟಸಿ ಸಿನಿಮಾಗಳು ಇವತ್ತು ತಮ್ಮ ಮಾಂತ್ರಿಕ ದೃಶ್ಯಗಳಲ್ಲೇ ನಗೆಪಾಟಲಾಗುತ್ತವೆ. ಇದು ಆ ದೃಶ್ಯಗಳಲ್ಲೇ ಗಟ್ಟಿ. ನಿಮ್ಮ ಮಗಳು ಕುದುರೆ ಓಟಕ್ಕೆ ನಕ್ಕಳು ಅಂದಿರಿ. ರೂಪ ಬದಲಾಗುವಾಗ ನಕ್ಕಳಾ? ಪತ್ರದಲ್ಲಿ ಆ ಮಾತಿಲ್ಲ.

ಹಾಗಾದರೆ ಹಳೆಯ ನೆನಪಿನ ಪಾಲು ಇಲ್ಲವೇ? ಇದೆ. ಹತ್ತರಿಂದ ಮೂವತ್ತು ವರ್ಷದೊಳಗೆ ಆದದ್ದು ಜೀವನದ ಉಳಿದ ಕಾಲಕ್ಕಿಂತ ಜಾಸ್ತಿ ನೆನಪಿರುತ್ತದೆ ಅನ್ನುವುದು ಮನಶ್ಶಾಸ್ತ್ರಜ್ಞರು ಚೆನ್ನಾಗಿ ಪರೀಕ್ಷಿಸಿದ ವಿಷಯ. ಮತ್ತೆ ಮತ್ತೆ ಕಂಡದ್ದರ ಮೇಲೆ ಇಷ್ಟ ಬೆಳೆಯುತ್ತದೆ ಅಂತ ರಾಬರ್ಟ್ ಝಯಾಂಕ್ 1968ರಲ್ಲೇ ತೋರಿಸಿದ್ದರು. ಕ್ಯಾಸೆಟ್ ಮತ್ತೆ ಮತ್ತೆ ತಂದವರು ನೀವು. ಆದರೆ ನೆನಪು ಸೇರಿಕೊಂಡಿದೆ ಅಂದ ಮಾತ್ರಕ್ಕೆ ಸಿನಿಮಾದಲ್ಲಿ ಏನೂ ಇಲ್ಲ ಅಂತ ಆಗುವುದಿಲ್ಲ. ಎರಡನ್ನೂ ಬೇರೆ ಮಾಡಿ ನೋಡಲು ಶಿಬಿರದಲ್ಲಿ ನಾನು ಒಂದು ಕೆಲಸ ಮಾಡಿಸುತ್ತೇನೆ. ಮತ್ತೆ ನೋಡುವ ಮೊದಲು, ಇಷ್ಟದ ಸಿನಿಮಾದಿಂದ ನೆನಪಿರುವುದನ್ನೆಲ್ಲ ಬರೆಯಿರಿ ಅನ್ನುತ್ತೇನೆ. ಕೆಲವರ ಹಾಳೆಯಲ್ಲಿ ಪಕ್ಕದಲ್ಲಿ ಯಾರು ಕೂತಿದ್ದರು, ಯಾವ ಟಾಕೀಸು, ಎಷ್ಟು ಹೊತ್ತಿಗೆ ಕರೆಂಟು ಹೋಯಿತು, ಇದೇ ತುಂಬಿರುತ್ತದೆ. ಅವರು ಪ್ರೀತಿಸಿದ್ದು ಹೆಚ್ಚಾಗಿ ಆ ಸಂಜೆಯನ್ನು. ಕೆಲವರು ಒಂದು ನೋಟ, ಒಂದು ಕಟ್, ಒಂದು ಕೈ ಬರೆದಿರುತ್ತಾರೆ.

ನಿಮ್ಮ ಪತ್ರದಲ್ಲಿ ಗೆಳೆಯನ ಮನೆಗೆ ಅರ್ಧ ಸಾಲು, ಮುಂಜಾನೆಯ ದೃಶ್ಯಕ್ಕೆ ಪೂರ್ತಿ ಸಾಲು. ನನಗೆ ಅಷ್ಟು ಸಾಕು. ಆದರೆ ಆ ದೃಶ್ಯದಲ್ಲಿ ಬೆರಳು ತಾಗುವುದಿಲ್ಲ. ಇನ್ನೇನು ತಾಗಬೇಕು, ಅಷ್ಟರಲ್ಲಿ ಬಿಸಿಲು ಅವಳ ಮೇಲೆ ಬಿದ್ದಿರುತ್ತದೆ. ಸಿನಿಮಾ ಕೊಡದೆ ಉಳಿಸಿಕೊಂಡದ್ದನ್ನು ಇಷ್ಟು ವರ್ಷದಲ್ಲಿ ನೀವೇ ತುಂಬಿಕೊಂಡಿದ್ದೀರಿ. ನೋಡುವವರಿಂದ ಇಂಥ ಕೆಲಸ ಮಾಡಿಸುವ ದೃಶ್ಯ ಸುಮ್ಮಸುಮ್ಮನೆ ಹುಟ್ಟುವುದಿಲ್ಲ. ಮೊನ್ನೆ ನೋಡಿದಾಗ ಇದು ನಿಮ್ಮ ಗಮನಕ್ಕೆ ಬರಲಿಲ್ಲ ಅಂದರೆ, ಅಷ್ಟು ಹೊತ್ತಿಗೆ ನೀವು ಪರದೆ ಬಿಟ್ಟು ಮಗಳ ಮುಖ ನೋಡುತ್ತಾ ಕೂತಿದ್ದಿರಿ ಅಂತ ನನ್ನ ಊಹೆ. ಇಷ್ಟದ ಸಿನಿಮಾ ತೋರಿಸುವವರು ಎಲ್ಲರೂ ಮಾಡುವ ಕೆಲಸ ಅದು. ಪಕ್ಕದವರಿಗೆ ಪರೀಕ್ಷೆಗೆ ಕೂತ ಹಾಗಾಗುತ್ತದೆ, ನಿಮಗೂ ಸಿನಿಮಾ ತಪ್ಪುತ್ತದೆ.

ಇನ್ನು ಚಿತ್ರಸಮಾಜದ ಪ್ರದರ್ಶನ. ಸಂಗೀತ ತೆಗೆಯುವ ಯೋಚನೆ ಬಿಟ್ಟುಬಿಡಿ. ನಿಮ್ಮ ಕೈಗೆ ಸಿಗುವ ಪ್ರತಿಯಲ್ಲಿ ಮಾತು, ಸಂಗೀತ, ಗೊರಸು, ರೆಕ್ಕೆ ಎಲ್ಲ ಒಂದೇ ಟ್ರ್ಯಾಕ್‌ನಲ್ಲಿ ಬೆರೆತಿರುತ್ತದೆ. ಬೇರ್ಪಡಿಸುವ ಸಾಫ್ಟ್‌ವೇರ್‌ಗಳು ಈಗ ಬಂದಿವೆ. ಆದರೆ ಡ್ರಮ್ ಹೋದ ಜಾಗದಲ್ಲಿ ಒಂದು ಥರ ನೀರಿನೊಳಗಿಂದ ಬಂದಂಥ ಸದ್ದು ಉಳಿಯುತ್ತದೆ, ಗೊರಸಿನ ಸದ್ದು ಅರ್ಧ ಅಳಿಸುತ್ತದೆ. ಆಸ್ಕರ್‌ವರೆಗೆ ಹೋದ ಕೆಲಸ ಅದೇ ಅಲ್ವಾ? ಬೇರೆ ಸಂಗೀತ ಹಾಕಿದರೆ ಇನ್ನೂ ಕಷ್ಟ, ಏಕೆಂದರೆ ದೃಶ್ಯಗಳ ಉದ್ದ ಇರುವ ಸಂಗೀತಕ್ಕೇ ಒಗ್ಗಿಕೊಂಡಿದೆ. ಸಂಗೀತ ಬದಲಾದರೆ ಸಿನಿಮಾ ಎಷ್ಟು ಬದಲಾಗುತ್ತದೆ ಅಂತ ಸದಸ್ಯರಿಗೆ ತೋರಿಸಲೇಬೇಕೆಂದಿದ್ದರೆ ಅದೇ 1985ರ ‘ಲೆಜೆಂಡ್’ ಇದೆ. ಅದು ಯುರೋಪಿನಲ್ಲಿ ಜೆರ್ರಿ ಗೋಲ್ಡ್‌ಸ್ಮಿತ್ ಅವರ ವಾದ್ಯವೃಂದದ ಸಂಗೀತದೊಂದಿಗೆ, ಅಮೆರಿಕದಲ್ಲಿ ಟ್ಯಾಂಜರೀನ್ ಡ್ರೀಮ್ ತಂಡದ ಸಿಂಥ್ ಸಂಗೀತದೊಂದಿಗೆ ಬಂತು. ಎರಡರಲ್ಲೂ ಒಂದೇ ದೃಶ್ಯ ಹುಡುಕಿ ಹಾಕಿ, ಜಗಳ ತಾನಾಗೇ ಶುರುವಾಗುತ್ತದೆ.

ಕತ್ತರಿಸುವುದೂ ಬೇಡ. ನಲವತ್ತು ನಿಮಿಷ ಕತ್ತರಿಸಬಹುದು ಅಂತ ಮೊದಲಿಗೆ ಅನ್ನಿಸುತ್ತದೆ. ಕೂತು ನೋಡಿದರೆ ನಿಮ್ಮ ಕತ್ತರಿ ಹೋಗುವುದು ಇಲಿಯ ವಟವಟಕ್ಕೇ. ಅದರಿಂದ ಏನು ಹೋಗುತ್ತದೆ ಅಂತ ಆಗಲೇ ಹೇಳಿದೆ. ಇನ್ನೊಂದು, ಈ ಸಿನಿಮಾದಲ್ಲಿ ಹಗಲು ರಾತ್ರಿ ಸರದಿ ಪ್ರಕಾರ ಬರುತ್ತವೆ. ಒಂದು ರಾತ್ರಿ ತೆಗೆದರೆ ಮುಂದಿನ ಬೆಳಗಿಗೆ ಬೆಲೆ ಇರುವುದಿಲ್ಲ. ಇಂಟರ್‌ವಲ್ ಬೇಕೆಂದರೆ ಗೋಪುರದ ದೃಶ್ಯ ಮುಗಿದ ಮೇಲೆ ಕೊಡಿ. ಕಾಫಿ ಜೊತೆ ಮಾತಾಡಲು ಜನಕ್ಕೆ ಏನಾದರೂ ಇರುತ್ತದೆ.

ಪೂರ್ತಿ ಸಿನಿಮಾ, ಇದ್ದ ಹಾಗೆ, ಪೂರ್ತಿ ಅಗಲದ ಪ್ರತಿಯಲ್ಲಿ ತೋರಿಸಿ. ಪ್ರೊಜೆಕ್ಟರ್‌ನಲ್ಲಿ ‘ಜೂಮ್’ ಆಯ್ಕೆ ಒತ್ತಿ ಪರದೆ ತುಂಬಿಸಬೇಡಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಇರಲಿ. ಬಾಸ್ ಸ್ವಲ್ಪ ಇಳಿಸಿ, ಅಷ್ಟು ಮೋಸಕ್ಕೆ ನನ್ನ ಒಪ್ಪಿಗೆ ಇದೆ. ಶುರುವಿಗೆ ಮುಂಚೆ ‘ಸಂಗೀತ 1985ರದ್ದು, ನಗು ಬಂದರೆ ನಕ್ಕುಬಿಡಿ’ ಅಂತ ಹೇಳಿ ಸುಮ್ಮನಾಗಿ. ಇದರಲ್ಲಿ ಅಪಾಯ ಇಲ್ಲವೆಂದಲ್ಲ. ಕೆಲವರು ಮೊದಲ ಅರ್ಧ ಗಂಟೆಗೇ ಎದ್ದು ಹೋಗಬಹುದು. ಹೋಗಲಿ. ಆದರೆ ‘ಇದು ಮಹಾನ್ ಚಿತ್ರ, ಜಗತ್ತು ಗುರುತಿಸಲಿಲ್ಲ’ ಅಂತ ದೊಡ್ಡ ಭಾಷಣ ಮಾಡಿದರೆ ಕೂತವರು ಪ್ರತಿ ದೃಶ್ಯದಲ್ಲೂ ತಪ್ಪು ಹುಡುಕಲು ಶುರು ಮಾಡುತ್ತಾರೆ. ಇಷ್ಟದ ಸಿನಿಮಾಗಳು ಕೆಡುವುದು ಹೆಚ್ಚಾಗಿ ಪೀಠಿಕೆಯಿಂದ. ಮನೆಯಲ್ಲಿ ನೋಡುವ ಡಿವಿಡಿ ಅಥವಾ ಚಂದಾ ಇರುವ ಆ್ಯಪ್‌ಗೆ ಸಾರ್ವಜನಿಕ ಪ್ರದರ್ಶನದ ಹಕ್ಕು ಇರುವುದಿಲ್ಲ, ಚಿತ್ರಸಮಾಜವಾದರೂ ಹಕ್ಕುದಾರರ ಅನುಮತಿ ಬೇಕು ಅನ್ನುವುದನ್ನೂ ಮರೆಯಬೇಡಿ.

ಮಗಳಿಗೆ ಮತ್ತೆ ತೋರಿಸಲೇಬೇಕಾ? ಅವಸರ ಬೇಡ. ಅವಳು ಕೇಳಿದರೆ ಕತೆ ಬಾಯಲ್ಲಿ ಹೇಳಿ. ಒಳ್ಳೆಯ ಕತೆ, ಹೇಳಿದರೂ ನಿಲ್ಲುತ್ತದೆ. ‘ಆಮೇಲೆ ಗ್ರಹಣದ ದಿನ ಏನಾಯ್ತು?’ ಅಂತ ಅವಳೇ ಕೇಳಿದರೆ ಉಳಿದದ್ದನ್ನು ಹಾಕಿ, ನೀವು ಹಿಂದಿನ ಸಾಲಿನಲ್ಲಿ ಕೂರಿ.

ಒಂಬತ್ತು ವರ್ಷದ ಹುಡುಗನ ವಿಷಯ ಬೇರೆ. ಅಮೆರಿಕದಲ್ಲಿ ಇದಕ್ಕೆ ಪಿಜಿ-13 ಪ್ರಮಾಣಪತ್ರ ಕೊಟ್ಟಿದ್ದರು, ಅಂದರೆ ಹದಿಮೂರರ ಒಳಗಿನವರ ವಿಷಯದಲ್ಲಿ ತಂದೆತಾಯಿ ಎಚ್ಚರ ವಹಿಸಿ ಅಂತ. ರಕ್ತ ಹೆಚ್ಚಿಲ್ಲ. ಆದರೆ ತೋಳದ ಬೇಟೆಗಾರನೊಬ್ಬ ತಾನೇ ಇಟ್ಟ ಕಬ್ಬಿಣದ ಬೋನಿಗೆ ತಲೆ ಕೊಟ್ಟು ಸಾಯುತ್ತಾನೆ. ಕೊನೆಯಲ್ಲಿ ಚರ್ಚಿನೊಳಗಿನ ಹೊಡೆದಾಟ ಉದ್ದ ಇದೆ, ಬಿಷಪ್‌ನ ಸಾವೂ ಕಣ್ಣೆದುರೇ ಆಗುತ್ತದೆ. ಬೋನಿನ ದೃಶ್ಯ ರಾತ್ರಿಯ ಕತ್ತಲಲ್ಲಿ ಏಕಾಏಕಿ ಬರುತ್ತದೆ, ಚಿಕ್ಕವರು ಬೆಚ್ಚಿಬೀಳುವುದು ಅಲ್ಲೇ. ಹುಡುಗನ ಅಪ್ಪ ಅಮ್ಮನಿಗೆ ಮೊದಲೇ ಈ ಎರಡು ಜಾಗ ಹೇಳಿಬಿಡಿ. ಅವರು ಕರೆತರುತ್ತೇವೆ ಅಂದರೆ ಬಾಗಿಲ ಹತ್ತಿರದ ಕುರ್ಚಿ ಕೊಡಿ.